ತಲೆಯಾಡಿಸಿದವರು

ಗಂಟಲಿನ ಕಾಯಿಲೆಯವರ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಓದಿದ್ದು ನರ್ಸಿಂಗ್, ಇಪ್ಪತ್ತೊಂದು ವರ್ಷ ದುಡಿದದ್ದೂ ನರ್ಸಾಗಿಯೇ. ಆದರೆ ಕಳೆದ ಆರು ವರ್ಷಗಳಿಂದ ಅವಳ ಪಾಲಿಗೆ ಬಂದದ್ದು ಸೂಜಿ ಚುಚ್ಚುವ ಕೆಲಸವಲ್ಲ, ಪಾಠ ಹೇಳುವ ಕೆಲಸ. ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆಂದು ಕೊಳವೆ ಇಟ್ಟ ರೋಗಿಗಳು ಮನೆಗೆ ಹೊರಟಾಗ, ಜೊತೆಗಿರುವ ಗಂಡನಿಗೋ ಹೆಂಡತಿಗೋ ಮಗಳಿಗೋ ಆ ಕೊಳವೆಯನ್ನು ನೋಡಿಕೊಳ್ಳುವ ಬಗೆಯನ್ನು ಅವಳು ಕಲಿಸಿ ಕಳಿಸಬೇಕಿತ್ತು.

ಗೋಡೆಗೆ ಒಂದು ಪಟ ತೂಗುಹಾಕಿದ್ದಳು. ಹನ್ನೆರಡು ಅಂಶ, ಹನ್ನೆರಡು ಚಿತ್ರ. ಕೈ ತೊಳೆಯುವುದರಿಂದ ಹಿಡಿದು, ಒಳಗಿನ ಕೊಳವೆಯನ್ನು ತೆಗೆದು ತೊಳೆದು ಮತ್ತೆ ಹಾಕುವುದು, ಮಿಶನ್ನಿನಿಂದ ಕಫ ಎಳೆಯುವುದು, ಯಾವಾಗ ಆಸ್ಪತ್ರೆಗೆ ಓಡಿಬರಬೇಕು ಎನ್ನುವವರೆಗೆ. ಬೆತ್ತದಂಥ ಒಂದು ಕಡ್ಡಿ ಹಿಡಿದು ಒಂದೊಂದನ್ನೇ ತೋರಿಸುತ್ತಾ ಹೋಗುತ್ತಿದ್ದಳು. ಸ್ವರ ಸ್ಪಷ್ಟ, ಮಾತು ನೇರ, ಒಂದಕ್ಷರವೂ ಹೆಚ್ಚಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಪಾಠ ಮುಗಿಯುತ್ತಿತ್ತು. ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳುತ್ತಿದ್ದಳು. ಎದುರಿಗಿದ್ದವರು "ಆಯ್ತು ಸಿಸ್ಟರ್" ಎಂದು ತಲೆಯಾಡಿಸಿ, ಅವಳು ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ತಾನು ಚೆನ್ನಾಗಿ ಕಲಿಸುತ್ತೇನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಹಾಗೆ ಸಹಿ ಹಾಕಿದವರಲ್ಲಿ ಒಬ್ಬ ದರ್ಜಿ. ಐವತ್ತರ ಆಸುಪಾಸಿನ, ಸಣಕಲು ಮೈಯ ಮನುಷ್ಯ. ಹೆಂಡತಿಯ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಪಾಠದ ಹೊತ್ತಿನಲ್ಲಿ ಕೈಕಟ್ಟಿ ನಿಂತು, ಹನ್ನೆರಡು ಅಂಶಕ್ಕೂ ಹನ್ನೆರಡು ಸಲ ತಲೆಯಾಡಿಸಿದ್ದ. ಇಷ್ಟು ಗಮನವಿಟ್ಟು ಕೇಳುವವರೇ ಅಪರೂಪ ಎಂದು ಟೀಚರಮ್ಮನಿಗೆ ಅನ್ನಿಸಿತ್ತು.

ಐದನೆಯ ದಿನ ಬೆಳಿಗ್ಗೆ ಅವನು ಒಬ್ಬನೇ ಬಂದ. ಆಸ್ಪತ್ರೆಯಿಂದ ಒಯ್ದಿದ್ದ ಕಫ ಎಳೆಯುವ ಮಿಶನ್ನನ್ನು ಎದೆಗವಚಿಕೊಂಡಿದ್ದ. ಅದನ್ನು ಮೇಜಿನ ಮೇಲಿಟ್ಟು, ಜೇಬಿನಿಂದ ಕರವಸ್ತ್ರ ತೆಗೆದು ಮೇಲಿನ ಧೂಳು ಒರೆಸಿದ.

"ಇದನ್ನ ವಾಪಸ್ ಕೊಡಬೇಕಿತ್ತಲ್ಲ" ಎಂದ.

"ಅವರು ಹೇಗಿದ್ದಾರೆ?"

"ಮೊನ್ನೆ ಹೋದ್ಲು."

ಟೀಚರಮ್ಮ ಮಿಶನ್ನಿನ ಜೊತೆ ಕೊಟ್ಟಿದ್ದ ಚೀಲವನ್ನು ಬಿಚ್ಚಿ ನೋಡಿದಳು. ಹತ್ತು ತೆಳು ನಳಿಕೆಗಳ ಪೊಟ್ಟಣಗಳಲ್ಲಿ ಒಂಬತ್ತು ಒಡೆದೇ ಇರಲಿಲ್ಲ.

"ಒಂದೇ ಸಲ ಮಾಡಿದ್ರಾ?"

"ಒಂದೇ ಸಲ. ನಳಿಕೆ ಒಳಗೆ ಬಿಟ್ಟ ತಕ್ಷಣ ಅವಳು ಕೆಮ್ಮಿದ್ಲು. ಮುಖ ಕೆಂಪಾಯ್ತು, ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡ್ಕೊಂಡು ಬಿಟ್ಲು. ಏನೋ ತಪ್ಪು ಮಾಡ್ತಿದೀನಿ, ಇನ್ನೊಂಚೂರು ಒಳಗೆ ಹೋದ್ರೆ ಪ್ರಾಣಾನೇ ಹೋಗತ್ತೆ ಅನ್ನಿಸ್ತು. ಆಮೇಲೆ ಮುಟ್ಟಲಿಲ್ಲ. ಹೊರಗಡೆ ಮಾತ್ರ ಒರೆಸ್ತಿದ್ದೆ, ದಿನಾ ಮೂರು ಸಲ."

"ಕೆಮ್ಮು ಬರ್ಲೇಬೇಕು. ಕೆಮ್ಮಿದ್ರೇನೇ ಕಫ ಮೇಲೆ ಬರೋದು. ಪಾಠದಲ್ಲಿ ಹೇಳಿದ್ನಲ್ಲ, ಏಳನೇದು..." ಅಷ್ಟು ಹೇಳಿ ಅವಳು ನಾಲಿಗೆ ಕಚ್ಚಿಕೊಂಡಳು.

"ಹೇಳಿರಬಹುದು" ಎಂದ ದರ್ಜಿ. ಸ್ವರದಲ್ಲಿ ಸಿಟ್ಟಿರಲಿಲ್ಲ. "ನೀವು ಮಾತಾಡ್ತಾ ಇದ್ರಿ. ನಾನು ಅವಳ ಕುತ್ತಿಗೆ ನೋಡ್ತಾ ಇದ್ದೆ. ಇಷ್ಟು ದೊಡ್ಡ ತೂತು, ಇದರೊಳಗೆ ನಾನು ಕೈ ಹಾಕಬೇಕಾ ಅಂತ. ಮೊದಲನೇ ಚಿತ್ರದಿಂದ ಕೊನೇವರೆಗೂ ತಲೇಲಿ ಅದೊಂದೇ ಓಡ್ತಿತ್ತು."

"ಒಳಗಿನ ಕೊಳವೆ ತೆಗೆದು ತೊಳೆದ್ರಾ?"

ದರ್ಜಿ ಅವಳ ಮುಖವನ್ನೇ ನೋಡಿದ. "ಅದರೊಳಗೆ ಇನ್ನೊಂದು ಕೊಳವೆ ಇತ್ತಾ?"

ಟೀಚರಮ್ಮ ಚೀಲವನ್ನು ಕೆಳಗಿಟ್ಟಳು. "ಮತ್ತೆ, ಅರ್ಥ ಆಯ್ತಾ ಅಂತ ಕೇಳಿದಾಗ..."

"ಆಯ್ತು ಅಂದೆ. ಹೊರಗಡೆ ಇನ್ನೂ ನಾಲ್ಕು ಜನ ಕಾಯ್ತಾ ಇದ್ರು. ನೀವು ಪೆನ್ನು ಕೈಗೆ ಕೊಟ್ಟಾಗಿತ್ತು. ಅಷ್ಟು ಓದಿದವರ ಮುಂದೆ ಏನೂ ತಲೆಗೆ ಹೋಗಲಿಲ್ಲ ಅಂತ ಹೆಂಗೆ ಹೇಳೋದು?"

ಅವನು ಹೋದ ಮೇಲೆ ಅವಳು ಹೆಡ್ ಸಿಸ್ಟರ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಹೆಡ್ ಸಿಸ್ಟರ್ ಕೆಟ್ಟವಳಲ್ಲ. ಮೂವತ್ತೆರಡು ಹಾಸಿಗೆಗಳ ವಾರ್ಡನ್ನು ಹನ್ನೊಂದು ಮಂದಿ ನರ್ಸುಗಳಿಂದ ನಡೆಸಿಕೊಂಡು ಹೋಗಿ ಹೈರಾಣಾದವಳು. ಫೈಲು ತೆಗೆದು ಸಹಿ ನೋಡಿದಳು.

"ಸಹಿ ಇದೆಯಲ್ಲ. ನಿನ್ನ ತಪ್ಪೇನೂ ಇಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ. ಹನ್ನೆರಡು ನಂಬರ್ ಬೆಡ್ಡಿನವರು ಕಾಯ್ತಿದ್ದಾರೆ, ಹೋಗು."

ಅವಳು ಹೋಗಿ ಹನ್ನೆರಡನೆಯ ನಂಬರಿನವರಿಗೂ ಅದೇ ಪಾಠವನ್ನು ಹೇಳಿದಳು. ಬೇರೆ ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಅವರೂ ತಲೆಯಾಡಿಸಿದರು. ಅವತ್ತು ಸಹಿಗೆಂದು ಪೆನ್ನು ಕೊಡಲು ಅವಳು ತಡಮಾಡಿದಳು. ಆರು ವರ್ಷಗಳಲ್ಲಿ ಎಷ್ಟು ಜನ ಹೀಗೆ ತಲೆಯಾಡಿಸಿ ಹೋಗಿದ್ದರು! ಅವರಲ್ಲಿ ಮಿಶನ್ ವಾಪಸ್ ತಂದುಕೊಟ್ಟವರು ಎಷ್ಟು ಮಂದಿ, ಯಾರ ಹತ್ತಿರವೋ ಕೊಟ್ಟು ಕಳಿಸಿದವರು ಎಷ್ಟು ಮಂದಿ? ರೋಗಿ ತೀರಿಕೊಂಡರೆ ಕಾಯಿಲೆ ಉಲ್ಬಣಿಸಿತು ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಹಾಗೆಯೇ ಅಂದುಕೊಂಡಿದ್ದಳು.

ಮುಂದಿನ ಭಾನುವಾರ ಅವಳು ದರ್ಜಿಯ ಅಂಗಡಿ ಹುಡುಕಿಕೊಂಡು ಹೋದಳು. ಸೈಕಲ್ ರಿಪೇರಿ ಅಂಗಡಿಗೂ ಔಷಧದ ಅಂಗಡಿಗೂ ನಡುವೆ, ಎರಡು ಹೊಲಿಗೆ ಮಿಶನ್ ಹಿಡಿಸುವಷ್ಟು ಜಾಗ. ದರ್ಜಿ ಪ್ಯಾಂಟಿನ ಅಂಚು ಮಡಿಸುತ್ತಿದ್ದ. ಇನ್ನೊಂದು ಮಿಶನ್ನಿಗೆ ಬಟ್ಟೆ ಹೊದಿಸಿತ್ತು. ಅದು ಹೆಂಡತಿಯದ್ದು ಎಂದು ಕೇಳದೆಯೇ ತಿಳಿಯುವಂತಿತ್ತು.

"ತಪ್ಪು ನಂದು. ಅದನ್ನ ಹೇಳಿ ಹೋಗೋಣ ಅಂತ ಬಂದೆ" ಎಂದಳು.

"ನಿಮ್ದು ಅಂತಾದ್ರೆ ನನಗೇನು ಸಿಗತ್ತೆ?" ದರ್ಜಿ ತಲೆಯೆತ್ತಲಿಲ್ಲ.

ಹೊರಡಲು ಮನಸ್ಸು ಬಾರದೆ ಅವಳು ಹೊಸ್ತಿಲಲ್ಲೇ ನಿಂತಳು. ಅವನು ಒಂದು ಕಾಲನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಾಗ ತಡೆಯಲಾರದೆ ಕೇಳಿದಳು. "ನೀವು ಯಾರಿಗಾದ್ರೂ ಹೊಲಿಗೆ ಕಲಿಸಿದೀರಾ?"

"ಹದಿನೈದು ಜನಕ್ಕೆ. ಅವಳಿಗೂ ನಾನೇ ಕಲಿಸಿದ್ದು."

"ಮೊದಲನೇ ದಿನ ಏನು ಮಾಡಿಸ್ತೀರಿ?"

ದರ್ಜಿ ಪೆಡಲಿನ ಮೇಲಿಂದ ಕಾಲು ತೆಗೆದ. "ಮಿಶನ್ನಿಗೆ ದಾರಾನೇ ಹಾಕಲ್ಲ. ಹಳೇ ಕಾಗದ ಕೊಟ್ಟು, ಗೆರೆ ಎಳೆದು, ಅದರ ಮೇಲೆ ತುಳಿ ಅಂತೀನಿ. ಸೊಟ್ಟ ಆದ್ರೆ ಕಾಗದ ಎಸೆದ್ರಾಯ್ತು. ಮೊದಲೇ ಗಿರಾಕಿ ಬಟ್ಟೆ ಕೊಟ್ರೆ, ಹಾಳಾಗತ್ತೆ ಅನ್ನೋ ಭಯಕ್ಕೆ ಕಾಲೇ ಓಡಲ್ಲ. ಕೆಲವರಿಗೆ ಕಾಲು ಬೇಗ ಬರತ್ತೆ, ಕೈ ಬರಲ್ಲ. ಇನ್ನು ಕೆಲವರಿಗೆ ಉಲ್ಟಾ. ನೋಡ್ಕೊಂಡು ಹೇಳ್ಕೊಡಬೇಕು." ಪ್ಯಾಂಟಿನ ಮಡಿಕೆ ಸರಿಮಾಡುತ್ತಾ, "ಬಾಯಲ್ಲಿ ಹೇಳಿ ಹೊಲಿಗೆ ಕಲಿಸಿದ್ದನ್ನ ನಾನಂತೂ ನೋಡಿಲ್ಲ" ಎಂದ.

"ಒಂದು ಸಲ ವಾರ್ಡಿಗೆ ಬರ್ತೀರಾ? ಬೇರೆಯವರಿಗೆ ಹೇಗೆ ಹೇಳ್ಕೊಡಬೇಕು ಅಂತ ನೋಡಿ ಹೇಳಿ ಸಾಕು."

"ಆ ವಾರ್ಡಿಗೆ ನನ್ನನ್ನ ಕರೀಬೇಡಿ" ಎಂದು ಅವನು ಮತ್ತೆ ಪೆಡಲ್ ತುಳಿಯತೊಡಗಿದ.

ಅವತ್ತು ಸಂಜೆ ಊಟದ ಮೇಜಿನಲ್ಲಿ ಎಂಟನೆಯ ತರಗತಿಯ ಮಗಳು ಲೆಕ್ಕ ಬಿಡಿಸುತ್ತಿದ್ದಳು. ದಿನವೂ ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದುದು ಟೀಚರಮ್ಮನೇ. ಪಕ್ಕದಲ್ಲಿ ಕುಳಿತು, "ನಿನ್ನೆ ಹೇಳ್ಕೊಟ್ಟೆನಲ್ಲ, ಅದನ್ನ ಈಗ ನನಗೆ ನೀನು ಹೇಳ್ಕೊಡು" ಎಂದಳು. ಮಗಳು ಪೆನ್ಸಿಲ್ ಕಚ್ಚಿಕೊಂಡು ಕುಳಿತುಬಿಟ್ಟಳು. ಕೆನ್ನೆ ಕೆಂಪಾಯಿತು.

"ನಿನ್ನೆ ಅರ್ಥ ಆಯ್ತು ಅಂದ್ಯಲ್ಲ?"

"ಇಲ್ಲ ಅಂದ್ರೆ ನೀನು ಉಸಿರು ಬಿಡ್ತೀಯಲ್ಲಮ್ಮ, ಹೀಗೆ" ಎಂದು ಮಗಳು ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟು ತೋರಿಸಿದಳು. ಥೇಟ್ ಅಮ್ಮನ ಹಾಗೆ. ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ.

ಮಾರನೆಯ ವಾರ ವಾರ್ಡಿನ ಒಂಬತ್ತನೆಯ ಹಾಸಿಗೆಯ ಹೆಂಗಸು ಮನೆಗೆ ಹೊರಡುವ ಸರದಿ. ಅವಳನ್ನು ನೋಡಿಕೊಳ್ಳುತ್ತಿದ್ದವನು ತಮ್ಮ. ಬಸ್ ಡ್ರೈವರ್. ಅಪ್ಪ ಅಮ್ಮ ಬೇಗ ಹೋಗಿದ್ದರಿಂದ ಅಕ್ಕನೇ ಸಾಕಿ ಬೆಳೆಸಿದ್ದಳಂತೆ. ಬಾಯಿಬಡುಕ. ವಾರ್ಡಿಗೆ ಬಂದರೆ ಎಲ್ಲ ಹಾಸಿಗೆಯವರನ್ನೂ ಮಾತಾಡಿಸದೆ ಹೋಗುತ್ತಿರಲಿಲ್ಲ. "ನನಗೆ ಮಲಗಿರೋ ಸಿಸ್ಟರ್ ಒಬ್ಬಳು, ನಿಂತಿರೋ ಸಿಸ್ಟರ್ ಒಬ್ಬರು. ಅವಳು ಕಣ್ಣಲ್ಲೇ ಬೈಯ್ತಾಳೆ, ನೀವು ಬಾಯಲ್ಲಿ" ಎನ್ನುತ್ತಿದ್ದ.

ಟೀಚರಮ್ಮ ಪಟದ ಹತ್ತಿರ ಹೋಗಲಿಲ್ಲ. ಪಕ್ಕದ ಚಿಕ್ಕ ಕೋಣೆಗೆ ಅವನನ್ನು ಕರೆದು ಕುರ್ಚಿ ಕೊಟ್ಟು ತಾನೂ ಕುಳಿತಳು.

"ಇದರಲ್ಲಿ ನಿಮಗೆ ಯಾವುದು ಹೆಚ್ಚು ಭಯ?"

"ಭಯಾನಾ? ಇಪ್ಪತ್ತು ವರ್ಷದಿಂದ ಘಾಟಿ ಇಳಿಸ್ತಿದೀನಿ ಸಿಸ್ಟರ್, ಭಯ ಅಂದ್ರೆ ಯಾವ ಬಣ್ಣ?"

ಅವಳು ನಗಲೂ ಇಲ್ಲ, ಮುಂದಿನ ಪ್ರಶ್ನೆ ಕೇಳಲೂ ಇಲ್ಲ. ಸುಮ್ಮನೆ ಕಾದಳು. ಡ್ರೈವರ್ ಕಿಟಕಿಯತ್ತ ನೋಡಿದ, ಅಂಗೈ ಉಜ್ಜಿಕೊಂಡ. ಮುಖದ ಮೇಲಿನ ನಗೆ ಮೆಲ್ಲಗೆ ಜಾರಿಹೋಯಿತು.

"ನನ್ನ ಕೈ ನೋಡಿ" ಎಂದ. ಎರಡೂ ಕೈ ಮುಂದೆ ಚಾಚಿದ. ದಪ್ಪ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಸ್ಟೇರಿಂಗ್ ಹಿಡಿದ್ರೆ ನಡುಗಲ್ಲ. ಅಕ್ಕನ ಕುತ್ತಿಗೆ ಹತ್ರ ಹೋದ್ರೆ ಹೀಗಾಗತ್ತೆ. ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಅಕ್ಕನ ಹತ್ರ ಸದ್ಯಕ್ಕೆ ಹೋಗೋದು ಬೇಡ" ಎಂದಳು.

ನೀರಿನ ಬಾಟಲಿಯ ಕುತ್ತಿಗೆಯಲ್ಲಿ ತೂತು ಕೊರೆದು, ಅದಕ್ಕೆ ಹಳೆಯ ಕೊಳವೆಯೊಂದನ್ನು ಸಿಕ್ಕಿಸಿ, ಒಳಗೆ ಕಫದ ಬದಲು ಗೋಂದು ಸುರಿದು ತಂದಿದ್ದಳು. ಅವನು ಅದರಲ್ಲಿ ಕಲಿತ. ಮೊದಲ ದಿನ ನಳಿಕೆಯನ್ನು ಎಷ್ಟು ಜೋರಾಗಿ ತುರುಕಿದನೆಂದರೆ ಬಾಟಲಿ ಮೇಜಿನಿಂದ ಕೆಳಗೆ ಬಿತ್ತು. "ಪರವಾಗಿಲ್ಲ, ಇದು ಬಾಟಲಿ. ಏನಾಯ್ತು ಅಂತ ನೀವೇ ಹೇಳಿ" ಎಂದಳು. ಅವನೇ ಯೋಚಿಸಿ, "ತಿರುವಿನಲ್ಲಿ ಸ್ಪೀಡ್ ಇಳಿಸಲಿಲ್ಲ" ಎಂದ. ಅಲ್ಲಿಂದ ಮುಂದೆ ಪಾಠವೆಲ್ಲ ಅವನ ಭಾಷೆಯಲ್ಲೇ ನಡೆಯಿತು. ನಳಿಕೆ ಒಳಗೆ ಹೋಗುವಾಗ ಎಳೆತ ಬಂದ್, ಹೊರಗೆ ಬರುವಾಗ ಮಾತ್ರ ಎಳೆತ. ಕಫ ಗಟ್ಟಿಯಾಗಿ ಉಸಿರು ಸಿಳ್ಳೆ ಹೊಡೆದರೆ ಒಳಗೊಳವೆ ಕಟ್ಟಿದೆ ಎಂದರ್ಥ. "ಡೀಸೆಲ್ ಪೈಪಿನಲ್ಲಿ ಕಸ ಸಿಕ್ಕಂಗೆ. ಇಂಜಿನ್ ಬಿಚ್ಚೋದೇನೂ ಬೇಡ, ಮೊದಲು ಪೈಪ್ ಕಳಚಿ ತೊಳಿ" ಎಂದು ತನಗೆ ತಾನೇ ಹೇಳಿಕೊಂಡ.

ಮೂರನೆಯ ದಿನ ಟೀಚರಮ್ಮ, "ಈಗ ನಾನು ನಿಮ್ಮ ಹೆಂಡತಿ. ನನಗೆ ಏನೂ ಗೊತ್ತಿಲ್ಲ. ಕಲಿಸಿ" ಎಂದಳು. ಅವನು ಕಲಿಸುತ್ತಾ ಎರಡು ಕಡೆ ತಪ್ಪಿದ. ತಪ್ಪಿದ್ದನ್ನು ತಾನೇ ಹಿಡಿದ. ನಾಲ್ಕನೆಯ ದಿನ ಅಕ್ಕನ ಹಾಸಿಗೆಯ ಹತ್ತಿರ ಹೋಗಿ, ನಡುಗದ ಕೈಯಿಂದ ಕಫ ಎಳೆದ. ಅಕ್ಕ ಕೆಮ್ಮಿ ಮುಖ ಕೆಂಪಾಗಿ ಕಣ್ಣೀರು ಸುರಿಸಿದಳು. "ಕೆಮ್ಮು ಅಕ್ಕ, ಚೆನ್ನಾಗಿ ಕೆಮ್ಮು, ಅದೇ ಬೇಕಾಗಿರೋದು" ಎಂದ. ಮಾತು ಬಾರದ ಅಕ್ಕ ಕೈಯೆತ್ತಿ ಅವನ ತಲೆಗೆ ಮೊಟಕಿದಳು.

ಇದೆಲ್ಲಕ್ಕೂ ಹಿಡಿದದ್ದು ನಾಲ್ಕು ದಿನ, ಒಟ್ಟು ಹನ್ನೊಂದು ಗಂಟೆ.

ಆ ನಾಲ್ಕು ದಿನವೂ ವರಾಂಡದ ಬೆಂಚಿನಲ್ಲಿ ಇನ್ನೊಬ್ಬಳು ಕಾಯುತ್ತಿದ್ದಳು. ಗೋದಾಮಿನ ಕಾವಲುಗಾರನೊಬ್ಬನ ಹೆಂಡತಿ. ಅವಳ ಗಂಡನೂ ಕೊಳವೆ ಹಾಕಿಸಿಕೊಂಡು ಆರನೆಯ ಹಾಸಿಗೆಯಲ್ಲಿದ್ದ. "ನಾಳೆ ನಿಮ್ಮ ಜೊತೆ ಕೂತ್ಕೋತೀನಿ" ಎಂದು ಟೀಚರಮ್ಮ ಅವಳಿಗೆ ಎರಡು ಸಲ ಹೇಳಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ತುರ್ತು ರೋಗಿಯೊಬ್ಬ ಬಂದು ಹಾಸಿಗೆ ಬೇಕಾಯಿತು. ಹೆಡ್ ಸಿಸ್ಟರ್ ಕಾವಲುಗಾರನ ಡಿಸ್ಚಾರ್ಜ್ ಬರೆಸಿದಳು. ಪಾಠ ಹೇಳಲು ಒಂದು ವರ್ಷದ ಹಿಂದಷ್ಟೇ ಸೇರಿದ್ದ ಕಿರಿಯ ನರ್ಸನ್ನು ಕಳಿಸಿದಳು. ಕಿರಿಯ ನರ್ಸು ಕಡ್ಡಿ ಹಿಡಿದು ಪಟ ತೋರಿಸಿದಳು. ಹದಿನೈದು ನಿಮಿಷ. ಕಾವಲುಗಾರನ ಹೆಂಡತಿ ತಲೆಯಾಡಿಸಿ ಸಹಿ ಹಾಕಿದಳು. ಪಕ್ಕದ ಕೋಣೆಯಲ್ಲಿ ಟೀಚರಮ್ಮ ಡ್ರೈವರನ ಜೊತೆ ಬಾಟಲಿ ಹಿಡಿದು ಕುಳಿತಿದ್ದಳು.

ವಿಷಯ ಗೊತ್ತಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮಾರನೆಯ ದಿನವೂ ಸ್ವಿಚ್ ಆಫ್. ವಿಳಾಸವಿತ್ತು. ಹೋಗಬಹುದಿತ್ತು. ಹೋಗಬೇಕು ಅಂದುಕೊಂಡಳು, ಡ್ಯೂಟಿಯ ಮೇಲೆ ಡ್ಯೂಟಿ ಬಿತ್ತು, ಹೋಗಲಿಲ್ಲ.

ಎಂಟನೆಯ ದಿನ ಕಾವಲುಗಾರನನ್ನು ಆಟೋದಲ್ಲಿ ತಂದರು. ಒಳಗೊಳವೆ ಪೂರ್ತಿ ಕಟ್ಟಿಹೋಗಿತ್ತು. ಬಾಗಿಲಲ್ಲೇ ಡಾಕ್ಟರು ಅದನ್ನು ಕಿತ್ತು ತೆಗೆದರು, ಉಸಿರು ಬಂತು. ಆದರೆ ಅಷ್ಟರಲ್ಲಿ ಮಿದುಳಿಗೆ ಏಟು ಬಿದ್ದಿತ್ತು. ಕಣ್ಣು ತೆರೆಯುತ್ತಿದ್ದ, ಯಾರನ್ನೂ ಗುರುತಿಸುತ್ತಿರಲಿಲ್ಲ.

ಕಿರಿಯ ನರ್ಸು ಚಾದರಗಳನ್ನಿಡುವ ಲಿನನ್ ಕೋಣೆಯಲ್ಲಿ ಅಳುತ್ತಾ ಕುಳಿತಿದ್ದಳು. ಟೀಚರಮ್ಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಅವರಿಗೆ ಒಂದು ಸಲ ಕೈಯಲ್ಲಿ ಮಾಡಿಸಿ ನೋಡಬಾರದಿತ್ತೇನೆ?" ಎಂದು ಕೇಳಿದಳು. ಸ್ವರ ತಾನಾಗಿಯೇ ಗಡುಸಾಗಿತ್ತು.

ಹುಡುಗಿ ಮೂಗು ಒರೆಸಿಕೊಂಡು ತಲೆಯೆತ್ತಿದಳು. "ನನಗೇ ಯಾರೂ ಮಾಡಿಸಿಲ್ಲ ಸಿಸ್ಟರ್. ಸೇರಿದ ವಾರ ನೀವು ನನಗೆ ಕಲಿಸಿದ್ದೂ ಹಾಗೇ ಅಲ್ವಾ? ಪಟ ತೋರಿಸಿದ್ರಿ, ಅರ್ಥ ಆಯ್ತಾ ಅಂದ್ರಿ. ನಾನೂ ಆಯ್ತು ಅಂದೆ."

ವಿಚಾರಣೆಗೆ ಆಡಳಿತಾಧಿಕಾರಿಯ ಕೋಣೆಗೆ ಕರೆದರು. ಅವನ ಮುಂದೆ ಎರಡು ಹಾಳೆಗಳಿದ್ದವು.

"ಒಬ್ಬರಿಗೆ ಹನ್ನೊಂದು ಗಂಟೆ. ಇನ್ನೊಬ್ಬರಿಗೆ ಹದಿನೈದು ನಿಮಿಷ. ಇದು ಯಾವ ನ್ಯಾಯ ಸಿಸ್ಟರ್?"

"ನ್ಯಾಯ ಅಲ್ಲ ಸರ್. ಆದ್ರೆ ಎಲ್ಲರಿಗೂ ಹದಿನೈದು ನಿಮಿಷ ಹಂಚಿದ್ರೂ ನ್ಯಾಯ ಆಗಲ್ಲ. ಅದು ಕಲಿಸಿದ ಹಾಗಲ್ಲ, ಹೇಳಿ ಕೈ ತೊಳ್ಕೊಂಡ ಹಾಗೆ."

"ಹಾಗಾದ್ರೆ ಏನು ಮಾಡೋಣ ಅಂತೀರಿ?"

"ರೋಗಿ ಸೇರಿದ ದಿನದಿಂದಾನೇ ಶುರು ಮಾಡೋಣ. ಮನೆಯವರು ಹೇಗೂ ಇಲ್ಲೇ ಬೆಂಚಿನ ಮೇಲೆ ಕೂತಿರ್ತಾರೆ. ದಿನಾ ಸ್ವಲ್ಪ ಸ್ವಲ್ಪ ಅವರ ಕೈಯಲ್ಲೇ ಮಾಡಿಸೋಣ. ಹೊರಡೋ ದಿನ ಅವರೇ ನಮಗೆ ಪಾಠ ಹೇಳಲಿ. ಹೇಳಕ್ಕೆ ಬಂದ್ರೆ ಮಾತ್ರ ಮನೆಗೆ ಕಳಿಸೋಣ. ನನಗೆ ಇನ್ನೊಬ್ಬರನ್ನ ಕೊಡಿ, ಸಾಕು."

ಅವನು ಬರೆದುಕೊಂಡ. ಮರ್ಯಾದೆಯಿಂದಲೇ ಕಳಿಸಿದ. ಎರಡು ವಾರದ ಮೇಲೆ ಆದೇಶ ಬಂತು. ಪಾಠಕ್ಕೆ ತಲಾ ಅರ್ಧ ಗಂಟೆ ಎಂದು ನಿಗದಿಯಾಯಿತು. ಸಹಿಯ ಹಾಳೆಗೆ "ನನಗೆ ಸಂಪೂರ್ಣ ಅರ್ಥವಾಗಿದೆ" ಎಂಬ ಸಾಲು ಸೇರಿತು, ಒಂದು ಸಹಿಯ ಬದಲು ಎರಡು. ಟೀಚರಮ್ಮನನ್ನು ನೆಲಮಾಳಿಗೆಗೆ, ಶಸ್ತ್ರಚಿಕಿತ್ಸೆಯ ಸಾಮಾನುಗಳನ್ನು ಆವಿಯಲ್ಲಿ ಕಾಯಿಸಿ ಶುದ್ಧ ಮಾಡುವ ವಿಭಾಗಕ್ಕೆ ಹಾಕಿದರು.

ಅಲ್ಲಿ ಯಾರಿಗೂ ಏನನ್ನೂ ಕಲಿಸಬೇಕಿರಲಿಲ್ಲ. ಕತ್ತರಿ, ಚಿಮಟ, ಕೊಳವೆಗಳನ್ನು ಟ್ರೇಗೆ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ, ತಾರೀಖು ಬರೆದು ಆವಿಯ ಪೆಟ್ಟಿಗೆಯೊಳಗೆ ತಳ್ಳಬೇಕು. ಮೈಯೆಲ್ಲ ಸೆಕೆ. ಎರಡು ಸಲ ಅರ್ಜಿ ಬರೆದು ಮೇಲೆ ಕಳಿಸಿದಳು. ಉತ್ತರ ಬರಲಿಲ್ಲ.

ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಡ್ರೈವರ್ ಹುಡುಕಿಕೊಂಡು ಬಂದ. ಗಡ್ಡ ಬೆಳೆದಿತ್ತು. ಬಾಗಿಲಲ್ಲೇ ನಿಂತ. ತಮಾಷೆಯ ಮಾತೊಂದೂ ಬರಲಿಲ್ಲ.

"ಅಕ್ಕ ಹೋದ್ಲು ಸಿಸ್ಟರ್. ಹತ್ತು ದಿನ ಆಯ್ತು."

ಅವಳು ಕೈಯಲ್ಲಿದ್ದ ಟ್ರೇ ಕೆಳಗಿಟ್ಟಳು. ಅವಳು ಕೇಳುವ ಮೊದಲೇ ಅವನು ಹೇಳಿದ.

"ಉಸಿರು ಎಳೀತಿತ್ತು. ಒಳಗೊಳವೆ ತೆಗೆದು ನೋಡಿದೆ, ಕ್ಲೀನಾಗಿತ್ತು. ಮಿಶನ್ ಹಾಕಿದೆ, ಕಫ ಇರಲಿಲ್ಲ, ರಕ್ತ ಬಂತು. ಆಗ ಗೊತ್ತಾಯ್ತು, ಇದು ಕೊಳವೆದಲ್ಲ, ಕಾಯಿಲೆದು ಅಂತ. ಕೂತ್ಕೊಂಡು ಕೈ ಹಿಡ್ಕೊಂಡೆ. ಆಂಬುಲೆನ್ಸ್ ಬರೋವರೆಗೂ ಬಿಡಲಿಲ್ಲ." ಕಣ್ಣು ಒರೆಸಿಕೊಂಡ. "ನನ್ನಿಂದ ಹೋಗಲಿಲ್ಲ ಸಿಸ್ಟರ್. ಅದೊಂದನ್ನ ನಿಮಗೆ ಹೇಳಬೇಕಿತ್ತು."

ಅವನನ್ನು ಕೂರಿಸಿ ನೀರು ಕೊಟ್ಟಳು. ಅವನು ಹೋದ ಮೇಲೆ ಉಳಿದ ಟ್ರೇಗಳನ್ನು ಸುತ್ತಿ ತಾರೀಖು ಬರೆದಳು. ಡ್ಯೂಟಿ ಮುಗಿದ ಮೇಲೆ ಗೇಟಿನ ಕಡೆ ಹೋಗದೆ ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಹೋದಳು. ಐದು ತಿಂಗಳಿಂದ ಅವಳು ಕಾಲಿಡದೆ ತಪ್ಪಿಸಿಕೊಂಡಿದ್ದ ಜಾಗ ಅದು.

ಕಾವಲುಗಾರ ಇನ್ನೂ ಅಲ್ಲೇ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ. ಕಣ್ಣು ತೆರೆದೇ ಇತ್ತು. ಹೆಂಡತಿ ಅವನ ಒಳಗೊಳವೆಯನ್ನು ಬಟ್ಟಲಿನಲ್ಲಿ ತೊಳೆಯುತ್ತಿದ್ದಳು. ತೊಳೆದು, ಬೆಳಕಿಗೆ ಹಿಡಿದು ನೋಡಿ, ಒರೆಸಿ, ಒಂದೇ ಸಲಕ್ಕೆ ಜಾಗಕ್ಕೆ ಕೂರಿಸಿ ತಿರುಗಿಸಿದಳು. ಬಳಿಕ ಮಿಶನ್ ಹಾಕಿ ಕಫ ಎಳೆದಳು. ಅವನು ಕೆಮ್ಮಿದ. ಅವಳ ಕೈ ಹಿಂಜರಿಯಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಮಾಡುವ ಕೈಯನ್ನು ಟೀಚರಮ್ಮ ವಾರ್ಡಿನ ನರ್ಸುಗಳಲ್ಲೂ ನೋಡಿರಲಿಲ್ಲ.

ಕೆಲಸ ಮುಗಿಸಿ ತಿರುಗಿದಾಗ ಆ ಹೆಂಗಸಿಗೆ ಇವಳ ಗುರುತು ಸಿಕ್ಕಿತು.

"ಕಲಿಸೋಕೆ ಬಂದ್ರಾ?"

"ಇಲ್ಲ."

"ಈಗ ನನಗೆ ಎಲ್ಲಾ ಬರತ್ತೆ."

"ನೋಡಿದೆ" ಎಂದಳು ಟೀಚರಮ್ಮ. "ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಇವರ ಮೇಲೇ ಮಾಡಿ ಮಾಡಿ ಕಲಿತೆ." ಅವಳು ಗಂಡನ ಬಾಯಿಯ ಅಂಚಿನಲ್ಲಿ ಇಳಿದ ನೀರನ್ನು ಒರೆಸಿದಳು. "ಅವತ್ತು ಬೆಂಚಿನ ಮೇಲೆ ಕೂತಿದ್ದಾಗ ನಿಮ್ಮ ಕೋಣೆಯಿಂದ ಮಾತು ಕೇಳಿಸ್ತಿತ್ತು. ನಿಧಾನಕ್ಕೆ ಹೇಳ್ಕೊಡ್ತಿದ್ರಿ. ನನಗೂ ಹಾಗೇ ಹೇಳ್ಕೊಡ್ತಾರೆ ಅಂತ ಕಾಯ್ತಿದ್ದೆ."

ಹಾಸಿಗೆಯ ಚಾದರ ಬದಲಿಸುವ ಹೊತ್ತಾಗಿತ್ತು. ಆ ಹೆಂಗಸು ಒಬ್ಬಳೇ ಗಂಡನ ಭುಜಕ್ಕೆ ಕೈ ಕೊಟ್ಟು ಮಗ್ಗುಲಿಗೆ ಹೊರಳಿಸಲು ನೋಡಿದಳು. ಭಾರಕ್ಕೆ ಮೈ ಜಗ್ಗಿತು. ಟೀಚರಮ್ಮ ಮಂಚದ ಆಚೆ ಬದಿಗೆ ಹೋಗಿ ಸೊಂಟದ ಕೆಳಗೆ ಕೈ ತೂರಿಸಿ, "ಹೇಗೆ ಹಿಡೀಬೇಕು, ಹೇಳಿ" ಎಂದಳು.

ಹೆಂಗಸು ಅವಳನ್ನು ಒಂದು ಕ್ಷಣ ನೋಡಿದಳು. ಮುಖ ಸಡಿಲವಾಗಲಿಲ್ಲ.

"ಇನ್ನೂ ಸ್ವಲ್ಪ ಕೆಳಗೆ. ಕೊಳವೆ ಎಳೀದಂಗೆ ನೋಡ್ಕೊಳ್ಳಿ" ಎಂದಳು.